ಷಡಕ್ಷರಪ್ಪನ ಭಾನುವಾರಗಳು

ಉಜ್ಜನಪ್ಪ ಬಾಗಿಲಿಗೆ ಅಡ್ಡ ಕೈ ಚಾಚಿ, ಬಂದವರನ್ನು ಮೆಟ್ಟಿಲ ಮೇಲೇ ತಡೆದ. ಐದು ಜನ, ಬೆಳಗಿನ ರೈಲಿಗೆ ಭದ್ರಾವತಿಯಿಂದ ಬಂದವರು. ಮುಂದಿದ್ದ ರಸೂಲ್ ಸಾಬ್ ಲಾರಿ ಮೆಕ್ಯಾನಿಕ್ಕು. ಉಳಿದವರು ಕಾರ್ಖಾನೆಯ ಕೆಲಸಗಾರರು. ಒಬ್ಬನ ಕೈಯಲ್ಲಿ ಸೇವಂತಿಗೆ ಹಾರವಿತ್ತು.

"ಕುಡುಕರ ಸಂಘಕ್ಕೆ ಇಲ್ಲೇನೂ ಕೆಲಸ ಇಲ್ಲ," ಎಂದ ಉಜ್ಜನಪ್ಪ. "ಹಾರ ಅಲ್ಲಿಟ್ಟು ಹೊರಡಿ."

ಒಳಗೆ, ಗೋಡೆಗೆ ಒರಗಿಸಿ ಕೂರಿಸಿದ್ದ ಅವನ ಅಣ್ಣ ಷಡಕ್ಷರಪ್ಪನ ಹಣೆಗೆ ಅಯ್ಯನವರು ವಿಭೂತಿ ಹಚ್ಚುತ್ತಿದ್ದರು. ಹಿಂದಿನ ಸಂಜೆ ಪ್ರೆಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ ವೀರಮ್ಮ ಇನ್ನೂ ಅತ್ತಿರಲಿಲ್ಲ. ನೆಂಟರ ಹೆಂಗಸರು ಅದನ್ನೇ ಗುಸುಗುಸು ಆಡಿಕೊಳ್ಳುತ್ತಿದ್ದದ್ದು ಅವಳಿಗೆ ಕೇಳಿಸಿತ್ತು.

ಮೈದುನನ ಮಾತೂ ಕೇಳಿಸಿತು. ಆ ಭದ್ರಾವತಿಯವರ ಮುಖ ನೋಡಲು ಅವಳಿಗೂ ಮನಸ್ಸಿರಲಿಲ್ಲ. ಆದರೆ ಅವರು ಹಾಗೇ ಹೋಗಿಬಿಟ್ಟರೆ, ತಾನು ಕೇಳಬೇಕಾದ್ದನ್ನು ಕೇಳಲು ಇನ್ನು ಯಾರೂ ಉಳಿಯುವುದಿಲ್ಲ ಎನಿಸಿತು. ಎದ್ದು ಬಾಗಿಲಿಗೆ ನಡೆದಳು.

* * *

ಷಡಕ್ಷರಪ್ಪ ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಹಗಲೆಲ್ಲ ಅಕ್ಷರಕ್ಕೆ ಅಕ್ಷರ ಕೂಡಿಸಿ, ಸಂಜೆ ಕಳ್ಳಭಟ್ಟಿ ಕುಡಿದು ಬರುತ್ತಿದ್ದ. ಅರವತ್ತನೇ ಇಸವಿಯ ದೀಪಾವಳಿಯ ಹಿಂದಿನ ದಿನ ಅವನು ವೀರಮ್ಮನ ಬಲಗೈ ಹಿಡಿದು ತಿರುಚಿದ. ಮೊಣಕೈ ಹತ್ತಿರ ಮೂಳೆ ಮುರಿಯಿತು. "ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆ ಅಂತ ಹೇಳಿ, ಅತ್ತಿಗೆ, ಮನೆತನದ ಮರ್ಯಾದೆ" ಎಂದು ಹೇಳಿಕೊಟ್ಟವನು ಉಜ್ಜನಪ್ಪ. ಅವಳು ಡಾಕ್ಟರಿಗೂ ತವರಿನವರಿಗೂ ಹಾಗೇ ಹೇಳಿದಳು. ಎಲ್ಲರೂ ಅದನ್ನು ಎಷ್ಟು ನಂಬಿದರೆಂದರೆ, ಕೇರಿಯವರು ಸೇರಿ ಆ ಬಾವಿಕಟ್ಟೆಯ ಪಾಚಿ ಕೆರೆಸಿಹಾಕಿದರು.

ಮರುವರ್ಷ ರಸೂಲ್ ಸಾಬ್ ಕರಪತ್ರವೊಂದನ್ನು ಅಚ್ಚು ಹಾಕಿಸಲು ಪ್ರೆಸ್ಸಿಗೆ ಬಂದರು. ಕುಡಿತ ಬಿಡಬೇಕೆನ್ನುವವರು ಭಾನುವಾರ ಬೆಳಿಗ್ಗೆ ಭದ್ರಾವತಿ ಹಳೇ ಊರಿನ ಮರದ ಅಡ್ಡೆಯ ಹಿಂದಿನ ಶೆಡ್ಡಿಗೆ ಬರಬಹುದು, ಹೆಸರು ಕೇಳುವುದಿಲ್ಲ, ಎಂದು ಅದರಲ್ಲಿತ್ತು. ಕುಡಿತ ಅನ್ನೋ ಮಾತನ್ನೇ ಮೂರು ಸಲ ತಪ್ಪಾಗಿ ಜೋಡಿಸಿದೆ ಎಂದು ಅವನು ಆ ರಾತ್ರಿ ಹೆಂಡತಿಗೆ ಹೇಳಿದ. ಆ ವಿಷಯವಾಗಿ ಅವನು ಮನೆಯಲ್ಲಿ ಆಡಿದ್ದು ಅಷ್ಟೇ.

ಎರಡು ಭಾನುವಾರ ರೈಲು ಹತ್ತಿ ಹೋದವನು ಶೆಡ್ಡಿನ ಬಾಗಿಲಿಂದಲೇ ಹಿಂದಿರುಗಿ ಕುಡಿದು ಬಂದ. ಮೂರನೆಯ ವಾರ ಒಳಗೆ ಹೋದ. ಆಮೇಲೂ ಒಂದೆರಡು ಸಲ ಜಾರಿದ. ಕೊನೆಯ ಐದು ವರ್ಷ ಮಾತ್ರ ಹನಿ ಮುಟ್ಟಲಿಲ್ಲ.

ಕುಡಿತ ಬಿಟ್ಟವನು ಮಾತನ್ನೂ ಬಿಟ್ಟ. ನೀರು ಸೇದಿ ಹಂಡೆ ತುಂಬಿಸುತ್ತಿದ್ದ, ಅವಳ ಸೊಟ್ಟ ಕೈ ಕಣ್ಣಿಗೆ ಬಿದ್ದರೆ ಅತ್ತ ತಿರುಗುತ್ತಿದ್ದ. ಭಾನುವಾರ ಮಾತ್ರ ಹಗುರಾಗಿ ಮನೆಗೆ ಬರುತ್ತಿದ್ದ. ಎಲ್ಲವನ್ನೂ ಎಲ್ಲೋ ಇಳಿಸಿ ಬರುತ್ತಾನೆ, ತನ್ನ ಪಾಲಿಗೆ ಒಂದು ಮಾತನ್ನೂ ಉಳಿಸುವುದಿಲ್ಲ ಎಂದು ವೀರಮ್ಮನಿಗೆ ಕಳ್ಳಭಟ್ಟಿಗಿಂತ ಆ ಶೆಡ್ಡಿನ ಮೇಲೇ ಹೆಚ್ಚು ಸಿಟ್ಟಿತ್ತು.

* * *

ಅವಳು ಬಾಗಿಲಿಗೆ ಬಂದಾಗ ಉಜ್ಜನಪ್ಪ ಕೈ ಇಳಿಸಿದ.

"ಸಾಬ್ರೆ, ನನ್ನ ವಿಷಯ ಏನು ಹೇಳಿದ್ರು ನಿಮ್ಮ ಹತ್ರ?"

ಅಲ್ಲಿ ಆಡಿದ್ದನ್ನು ಹೊರಗೆ ಹೇಳುವ ಹಾಗಿಲ್ಲ ಎಂದು ರಸೂಲ್ ಸಾಬ್ ತಲೆ ತಗ್ಗಿಸಿದರು.

"ಕೈ ವಿಷಯ ಹೇಳಿದ್ರಾ?"

ರಸೂಲ್ ಸಾಬ್ ತಡೆದು ತಡೆದು ಹೇಳಿದರು. "ಮೊದಲನೇ ದಿನ ಹೇಳಿದ್ದೇ ಅದನ್ನ ತಾಯಿ. ಆಮೇಲೂ ಬಹಳ ಸಲ ಹೇಳಿದ್ರು. ಈ ವಾರ ಮನೇಲಿ ತಪ್ಪಾಯ್ತು ಅಂತ ಹೇಳ್ತೀನಿ ಅಂತಲೇ ಹೋಗೋರು."

"ನಿಮಗೆಲ್ಲ ಗೊತ್ತಿತ್ತು ಹಂಗಾದ್ರೆ. ಇಷ್ಟು ವರ್ಷದಲ್ಲಿ ಒಬ್ರಾದ್ರೂ ಬಂದು, ಕೈ ಹೆಂಗಿದೆಯಮ್ಮ ಅಂತ ಕೇಳಿದ್ರಾ?"

ವೀರಮ್ಮನ ಹಿಂದೆ ನಿಂತಿದ್ದ ಪಕ್ಕದ ಮನೆಯ ಚೌಡಮ್ಮ, ಅದು ಬಾವಿ ಹತ್ರ ಬಿದ್ದು ಆಗಿದ್ದಲ್ವಾ ಎಂದಳು. ಹೌದು ಹೌದು, ಬಿದ್ದಿದ್ದೇ ಎಂದ ಉಜ್ಜನಪ್ಪ.

"ಬಿದ್ದಿದ್ದಲ್ಲ," ಎಂದಳು ವೀರಮ್ಮ, ಒಳಗಿದ್ದವರಿಗೂ ಕೇಳುವ ಹಾಗೆ. "ಅವರೇ ಮುರಿದಿದ್ದು. 'ಬಿದ್ದೆ ಅಂತ ಹೇಳಿ' ಅಂದವನು ನೀನು," ಎಂದು ಮೈದುನನತ್ತ ತಿರುಗಿದಳು.

ಹೆಣದ ಎದುರು ಆಡುವ ಮಾತೇ ಇದು ಎಂದು ಯಾರೋ ಗೊಣಗಿದರು. ಉಜ್ಜನಪ್ಪ ಅತ್ತಿಗೆಯ ಮುಖ ನೋಡದೆ ಅಂಗಳಕ್ಕಿಳಿದು ಹೋದ. ಅಯ್ಯನವರು ಹೊತ್ತಾಯಿತು ಎಂದರು.

ರುದ್ರಭೂಮಿಯವರೆಗೂ ನೆಂಟರಲ್ಲಿ ಯಾರೂ ಅವಳ ಜೊತೆ ಹೆಜ್ಜೆ ಹಾಕಲಿಲ್ಲ. ಭದ್ರಾವತಿಯವರು ಬಹಳ ಹಿಂದೆ ನಡೆದು ಬಂದು ಬೇಲಿಯಾಚೆ ನಿಂತರು. ಗುಣಿಗೆ ನೆಂಟರು ಮಣ್ಣು ಹಾಕಿ ಸರಿದ ಮೇಲೆ ವೀರಮ್ಮ ಅಯ್ಯನವರಿಗೆ, ಅವರನ್ನೂ ಕರೀರಿ ಎಂದಳು. ಅಯ್ಯನವರು ಅನುಮಾನಿಸಿದರು.

"ಅವರ ಎದುರಾದ್ರೂ ಇವರು ಬಾಯಿ ಬಿಟ್ಟಿದ್ರಲ್ಲ," ಎಂದಳು. "ಹಾಕ್ಲಿ."

ಐವರೂ ಚಪ್ಪಲಿ ಕಳಚಿ ಬಂದು ಮಣ್ಣು ಹಾಕಿದರು. ಕೊನೆಗೆ ಅವಳ ಸರದಿ. ಗುಣಿಯಂಚು ಜಾರುತ್ತಿತ್ತು. ರಸೂಲ್ ಸಾಬ್ ಬಗ್ಗಿ ಮಣ್ಣೆತ್ತಿ, ಬೊಗಸೆಯಲ್ಲಿ ಅವಳ ಮುಂದೆ ಹಿಡಿದರು.

ವೀರಮ್ಮ ಆ ಬೊಗಸೆಯನ್ನು ಮುಟ್ಟದೆ ಆಚೆ ಹೋದಳು. ಸೆರಗು ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತು, ತನ್ನ ಪಾಲಿನ ಹಿಡಿ ಮಣ್ಣಿಗಾಗಿ ಗಟ್ಟಿ ನೆಲವನ್ನು ಉಗುರಿನಿಂದ ಕೆದಕತೊಡಗಿದಳು.