ಕಿಟಕಿ ಮುಚ್ಚಿ ಮಲಗು

ಸುದ್ದಿ ಬಂದ ದಿನ ಅಕ್ಕ ಶಾಲೆಯ ಮಕ್ಕಳ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ಹೊಲಿಗೆ ಯಂತ್ರದ ಸುತ್ತ ನೀಲಿ ಬಟ್ಟೆಯ ರಾಶಿ. ಅದರಡಿ ಎಲ್ಲೋ ಫೋನು ಬಡಿದುಕೊಂಡಿತು. ಹುಡುಕಿ ತೆಗೆದಳು. ತಮ್ಮನ ನಂಬರು.

"ಏನೋ ಕಳ್ಳ, ಇವತ್ತು ಕೆಲಸಕ್ಕೆ ಚಕ್ಕರ್ ಹೊಡೆದ್ಯಾ?" ಎಂದಳು.

ಮಾತನಾಡಿದವನು ತಮ್ಮನಲ್ಲ. ಪರದೇಶದಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿದ್ದ ಹೋಟೆಲಿನ ಅಡುಗೆಯವನು. "ಅಕ್ಕಾ, ನಾನು ರಾತ್ರಿ ಪಾಳಿ ಮುಗಿಸ್ಕೊಂಡು ಈಗ ಬಂದೆ. ಎಷ್ಟು ಅಲ್ಲಾಡಿಸಿದ್ರೂ ಅವನು ಏಳಲಿಲ್ಲ ಅಕ್ಕಾ. ಡಾಕ್ಟ್ರು ಬಂದು ನೋಡಿದ್ರು..."

ಅಕ್ಕ ಅರ್ಧ ಹಾಕಿದ್ದ ಗುಂಡಿಯನ್ನು ಪೂರ್ತಿ ಹಾಕಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದಳು. ಆಮೇಲೆ ಅವಳ ಕೂಗು ಬೀದಿಯ ಕೊನೆಯ ಮನೆಗೂ ಕೇಳಿಸಿತು.

ತಾಯಿ ತೀರಿಕೊಂಡಾಗ ತಮ್ಮನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನನ್ನು ಎತ್ತಿ ಆಡಿಸಿದವಳು, ಶಾಲೆಗೆ ಕಳಿಸಿದವಳು, ಟೈಲ್ಸ್ ಕೂರಿಸುವ ಮೇಸ್ತ್ರಿಯ ಕೈಕೆಳಗೆ ಕೆಲಸಕ್ಕೆ ಹಚ್ಚಿದವಳು, ಎಲ್ಲ ಅಕ್ಕನೇ. ಕೈ ಪಳಗಿದ ಮೇಲೆ ಅವನು ಪರದೇಶಕ್ಕೆ ಹೋದ. ಹೋದದ್ದು ಚಳಿಗಾಲದ ಮೊದಲಲ್ಲಿ. ಚಳಿಗಾಲ ಮುಗಿಯುವ ಮೊದಲೇ ಪೆಟ್ಟಿಗೆಯಲ್ಲಿ ಮರಳಿದ.

ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರು ಉರಿದು ಗಾಳಿ ವಿಷವಾಗಿತ್ತು ಎಂದು ಅಲ್ಲಿನ ಆಸ್ಪತ್ರೆಯವರು ಬರೆದಿದ್ದರು. ಆ ವಿಷಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ತಲೆ ಸುತ್ತುತ್ತದೆ, ಆಮೇಲೆ ನಿದ್ದೆ ಬರುತ್ತದೆ, ಅಷ್ಟೇ. ಹಣೆಬರಹ ಎಂದರು ನೆಂಟರು. ಅಕ್ಕನೂ ಹಾಗೆಂದೇ ಸಮಾಧಾನ ಮಾಡಿಕೊಳ್ಳುತ್ತಿದ್ದಳೋ ಏನೋ. ಆದರೆ ಅವನ ಬಟ್ಟೆಗಳ ನಡುವೆ ಫೋನು ಬಂದಿತ್ತು.

ಅದರಲ್ಲಿ 'ನಮ್ಮೋರು' ಎಂಬ ಗುಂಪು ಇತ್ತು. ಆ ದೇಶದಲ್ಲಿರುವ ಕನ್ನಡದವರು ಮಾಡಿಕೊಂಡದ್ದು. ಬಾಡಿಗೆ ಮನೆ, ಕೆಲಸ, ಬಸ್ಸು, ಜ್ವರ, ಎಲ್ಲಕ್ಕೂ ಅಲ್ಲಿ ಉತ್ತರ ಸಿಗುತ್ತಿತ್ತು. ಆದರೆ ಹೊಸಬರಿಗೆ ಒಂದು ಕಟ್ಟಳೆ. ಹೊಸದಾಗಿ ಸೇರಿದವರ ಮೊದಲ ಪ್ರಶ್ನೆಗೆ ಯಾರೂ ನಿಜ ಹೇಳಕೂಡದು, ತಮಾಷೆಯನ್ನೇ ಹೇಳಬೇಕು. ನಿಜ ಹೇಳಿದವನು ಎಲ್ಲರೆದುರು ಹಾಡಬೇಕು. ಇದಕ್ಕೆ ಅವರಿಟ್ಟ ಹೆಸರು 'ಹೊಸ ಅಳಿಯನ ಶಾಸ್ತ್ರ'.

ತಮ್ಮನ ಮೊದಲ ಪ್ರಶ್ನೆ ಹೀಗಿತ್ತು: "ಎಲ್ಲರಿಗೂ ನಮಸ್ಕಾರ. ಕೋಣೆಯಲ್ಲಿ ಹೀಟರ್ ಹಚ್ಚಿದರೆ ತಲೆ ಸುತ್ತುತ್ತೆ. ಕಿಟಕಿ ತೆಗೆದರೆ ಚಳಿ ತಡೆಯೋಕಾಗಲ್ಲ. ಏನು ಮಾಡ್ಲಿ?"

ಉತ್ತರ ಕೊಟ್ಟವನು ಗುಂಪಿನ ಮುಖ್ಯಸ್ಥ. ಎಲ್ಲರೂ ಅವನನ್ನು ದೊಡ್ಡಣ್ಣ ಎನ್ನುತ್ತಿದ್ದರು. "ಅಳಿಯಂದ್ರೇ, ಅದು ತಲೆ ಸುತ್ತಲ್ಲ, ಊರಿನ ನೆನಪು! ಕಿಟಕಿ ಮುಚ್ಚಿ ಮಲಗು. ಬೆಳಿಗ್ಗೆ ಎಲ್ಲ ಸರಿಹೋಗುತ್ತೆ."

ಅದರ ಕೆಳಗೆ ನಗುವ ಮುಖಗಳ ಸಾಲು. "ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಇವನು ಬಂದ ವಾರವೇ ಹೀಟರ್ ಉರಿಸ್ತಾ ಕೂತಿದಾನೆ!" ಎಂದು ಒಬ್ಬ. "ಮದುವೆ ಮಾಡ್ಕೊ, ಚಳಿ ಬಿಡುತ್ತೆ" ಎಂದು ಇನ್ನೊಬ್ಬ. ತಮ್ಮನೂ ಕೊನೆಯಲ್ಲಿ ಒಂದು ನಗುವ ಮುಖ ಹಾಕಿದ್ದ. ಹಿರಿಯರು ಹೇಳಿದ್ದನ್ನು ನಂಬುವುದು ಅವನ ಸ್ವಭಾವ. ಅಕ್ಕನೇ ಕಲಿಸಿದ್ದು.

ಮರುದಿನ ದೊಡ್ಡಣ್ಣ ಬರೆದಿದ್ದ: "ನಮ್ಮ ಟೈಲ್ಸ್ ಹುಡುಗ ನಿದ್ದೆಯಲ್ಲೇ ಹೋಗಿಬಿಟ್ಟನಂತೆ. ಹೃದಯಾಘಾತ ಇರಬೇಕು. ಅವನ ಆತ್ಮಕ್ಕೆ ಶಾಂತಿ ಸಿಗಲಿ." ಮುಗಿದ ಕೈಗಳ ಒಂದು ಸಾಲು. ಅದರ ಕೆಳಗೆ ಹಳೆಯ ಸೋಫಾ ಮಾರಾಟಕ್ಕಿದೆ ಎಂಬ ಸುದ್ದಿ.

ಅಕ್ಕ ದೇವರ ಮುಂದೆ ದೀಪ ಹಚ್ಚುವುದನ್ನು ಬಿಟ್ಟಳು. "ಅವರ ಹೊಟ್ಟೆಗೂ ಇದೇ ಬೆಂಕಿ ಬೀಳೋವರೆಗೂ ನಿನ್ನ ಮುಖ ನೋಡಲ್ಲ" ಎಂದು ದೇವರಿಗೇ ಹೇಳಿ ಪರದೆ ಎಳೆದಳು.

ಬೇಸಿಗೆ, ಮಳೆಗಾಲ ಕಳೆದವು. ಅಲ್ಲಿ ಮತ್ತೆ ಚಳಿ ಬೀಳುವ ಹೊತ್ತಿಗೆ ಅವಳು ತನ್ನ ನಂಬರಿನಿಂದ ಗುಂಪಿಗೆ ಸೇರಲು ಕೇಳಿಕೊಂಡಳು. ಮೊನ್ನೆ ಬಂದೆ, ಇಲ್ಲಿನ ನಂಬರು ಇನ್ನೂ ಸಿಕ್ಕಿಲ್ಲ ಎಂದು ಸುಳ್ಳು ಹೇಳಿದಳು. ಹೊಸಬರು ದೊಡ್ಡಣ್ಣನಿಗೆ ವಿಳಾಸ ಕೊಡಬೇಕಿತ್ತು. ತಮ್ಮ ಸತ್ತ ಕೋಣೆಯ ವಿಳಾಸವನ್ನೇ ಕೊಟ್ಟಳು. ದೊಡ್ಡಣ್ಣನಿಗೆ ಗುರುತೇ ಹತ್ತಲಿಲ್ಲ. "ಸ್ವಾಗತ ಅಕ್ಕಾ! ಇವತ್ತು ಇಬ್ಬರು ಹೊಸಬರು, ನೀವು ಮತ್ತೆ ಪುಟ್ಟಿ. ಕೇಳಿ ನಿಮ್ಮ ಮೊದಲ ಪ್ರಶ್ನೆ!"

ಅಕ್ಕ ತಮ್ಮನ ಪ್ರಶ್ನೆಯನ್ನು ಅಕ್ಷರ ಬಿಡದೆ ಹಾಕಿದಳು. ಎಲ್ಲರೂ ನಗಲಿ, ಒಬ್ಬರೂ ಉಳಿಯಬಾರದು. ನಕ್ಕು ಮುಗಿದ ಮೇಲೆ ಪೆಟ್ಟಿಗೆಯೊಳಗೆ ಮಲಗಿದ್ದ ತಮ್ಮನ ಚಿತ್ರ, ಆಸ್ಪತ್ರೆಯವರ ಬರಹ, ದೊಡ್ಡಣ್ಣನ ಹಳೆಯ ಉತ್ತರ ಮೂರನ್ನೂ ಹಾಕುವುದು. ಬದುಕಿರುವಷ್ಟು ದಿನ ಅವರಿಗೆ ಅನ್ನ ಇಳಿಯಬಾರದು.

ದೊಡ್ಡಣ್ಣ ಹೊಸ ಮಾತು ಹುಡುಕುವ ಕಷ್ಟವನ್ನೂ ಪಡಲಿಲ್ಲ. "ಅದು ಊರಿನ ನೆನಪು ಅಕ್ಕಾ! ಕಿಟಕಿ ಮುಚ್ಚಿ ಮಲಗಿ."

ನಗುವ ಮುಖಗಳು ಬರತೊಡಗಿದವು. ಅಕ್ಕ ಎಣಿಸದೆ ನೋಡುತ್ತ ಕುಳಿತಳು. ಇನ್ನೂ ಬರಲಿ, ಇನ್ನೂ ಬರಲಿ. ಆ ನಗುವಿನ ನಡುವೆ ಒಂದು ಸಾಲು ಬಂದು ಮೇಲೆ ಸರಿದು ಹೋಯಿತು. ಅವಳು ಬೆರಳಿಂದ ಕೆಳಗೆಳೆದು ಓದಿದಳು.

"ಅಯ್ಯೋ ಅಕ್ಕಾ, ನನಗೂ ಹಾಗೇ ಆಗ್ತಿದೆ! ಹೀಟರ್ ಹಚ್ಚಿದಾಗಿಂದ ತಲೆ ಸುತ್ತು. ಊರಿನ ನೆನಪೇ ಇರ್ಬೇಕು. ಆಸ್ಪತ್ರೆ ಗುಡಿಸೋ ಕೆಲಸ, ರಾತ್ರಿ ಪಾಳಿ ಅಲ್ವಾ, ಹಗಲೇ ಮಲಗ್ಬೇಕು. ನಾನೂ ಕಿಟಕಿ ಮುಚ್ಚಿದೆ. ಬರ್ತೀನಿ." ಬರೆದವಳು ಪುಟ್ಟಿ. ಬರೆದು ಆಗಲೇ ಸ್ವಲ್ಪ ಹೊತ್ತಾಗಿತ್ತು.

ಅಕ್ಕ ಗುಂಪಿನಲ್ಲಿ "ಪುಟ್ಟಿ, ಕಿಟಕಿ ತೆಗಿ! ಹೊರಗೆ ಬಾ!" ಎಂದು ಬರೆದಳು. ಉತ್ತರವಿಲ್ಲ. "ಶಾಸ್ತ್ರ ಮುರೀಬೇಡಿ ಅಕ್ಕಾ, ಹಾಡ್ಬೇಕಾಗುತ್ತೆ!" ಎಂದು ಯಾರೋ ನಕ್ಕರು. ಪುಟ್ಟಿಗೆ ಕರೆ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಅವಳ ವಿಳಾಸ ಗೊತ್ತಿದ್ದವನು ಒಬ್ಬನೇ. ಯಾರ ಹೊಟ್ಟೆಗೆ ಬೆಂಕಿ ಬೀಳಲೆಂದು ಬೇಡಿದ್ದಳೋ ಅವನಿಗೇ ಫೋನು ಮಾಡಿದಳು.

"ಪುಟ್ಟಿ ಮನೆಗೆ ಓಡಿ. ಬಾಗಿಲು ಮುರೀರಿ."

"ಏನಮ್ಮಾ ಇದು, ತಮಾಷೆಗೆ..."

"ನಾನು ಟೈಲ್ಸ್ ಹುಡುಗನ ಅಕ್ಕ ಕಣೋ! ಅವನು ಸತ್ತದ್ದು ಹೃದಯ ನಿಂತು ಅಲ್ಲ, ನಿನ್ನ ಮಾತು ಕೇಳಿ. ಓಡು!"

ಕುರ್ಚಿ ಉರುಳಿದ ಸದ್ದು ಅಕ್ಕನಿಗೆ ಕೇಳಿಸಿತು.

ಆಮೇಲಿನ ಹೊತ್ತು ಅವಳು ಹೊಲಿಗೆ ಯಂತ್ರದ ಚಕ್ರ ಹಿಡಿದು ಕುಳಿತಳು. ಆ ಹುಡುಗಿ ಸತ್ತರೆ ಕೊಂದವನು ದೊಡ್ಡಣ್ಣನೊಬ್ಬನೇ ಅಲ್ಲ. ಗಾಳ ಹಾಕಿದವಳು ತಾನು. ಸೇಡಿನ ಮೀನಿಗೆ ಕಾದು ಕೂತಾಗ ಸಿಕ್ಕಿದ್ದು ಯಾರದೋ ಮನೆಯ ಮಗಳು. ಬಾಯಿ ತಾನಾಗಿ ದೇವರನ್ನು ಕರೆಯಿತು. ಪರದೆ ಮುಚ್ಚಿಯೇ ಇತ್ತು.

ಫೋನು ಬಂತು. "ಉಸಿರಾಡ್ತಿದಾಳೆ," ಎಂದ ದೊಡ್ಡಣ್ಣ. "ಹೊರಗೆ ಎಳ್ಕೊಂಡು ಬಂದೆ. ಆಸ್ಪತ್ರೆಗೆ ಸೇರಿಸಿದೀವಿ. ಕಣ್ಣು ಬಿಟ್ಟು ನೀರು ಕೇಳಿದ್ಲು." ಅವನು ಅಳುತ್ತಿದ್ದ.

ಅಕ್ಕ ಚಕ್ರದಿಂದ ಕೈ ತೆಗೆದಳು.

"ನಾನು ಈ ದೇಶಕ್ಕೆ ಬಂದಾಗ ನನ್ನನ್ನ ಯಾರೂ ಮಾತಾಡಿಸಿರಲಿಲ್ಲ ಅಕ್ಕಾ. ನಗಿಸಿದ್ರೆ ಹೊಸಬರಿಗೆ ನಮ್ಮೋರು ಅನ್ನಿಸುತ್ತೆ ಅಂತ ಶುರು ಮಾಡಿದ್ದು. ಕೆಟ್ಟ ಬುದ್ಧಿಯಿಂದ ಅಲ್ಲ."

"ಹೀಟರ್ ವಿಷಯ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಎಲ್ಲ ಹಳಬರಿಗೂ ಗೊತ್ತು. ಆಮೇಲೆ ಅವನಿಗೆ ಬೇರೆಯಾಗಿ ಫೋನ್ ಮಾಡಿ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನನ್ನ ಅಂಗಡೀಗೆ ಗಿರಾಕಿ ಬಂದ್ರು... ಮರೆತೆ. ಇವತ್ತೂ ಹಾಗೇ ಅಂದ್ಕೊಂಡಿದ್ದೆ. ಗುಂಪು ಮುಚ್ಚಿಬಿಡ್ತೀನಿ ಅಕ್ಕಾ. ಕಾಲಿಗೆ ಬೀಳ್ತೀನಿ, ಕ್ಷಮಿಸಿ."

"ಮುಚ್ಚೋ ಹಾಗಿಲ್ಲ," ಎಂದಳು ಅಕ್ಕ. ಅವಳ ದನಿ ಕತ್ತರಿಯಂತಿತ್ತು. "ತಪ್ಪಿಸಿಕೊಳ್ಳೋಕೆ ಬಿಡಲ್ಲ ನಿಮ್ಮನ್ನ. ಹೊಸಬರು ಇನ್ನೂ ಬರ್ತಾರೆ. ಒಬ್ಬೊಬ್ಬರ ಮೊದಲ ಪ್ರಶ್ನೆಗೂ ನೀವೇ ನಿಜ ಹೇಳ್ಬೇಕು, ಕೇಳಿದ ತಕ್ಷಣ. ಅಂಗಡೀಲಿ ದೇವರೇ ಗಿರಾಕಿಯಾಗಿ ಬಂದು ನಿಂತಿರಲಿ. ಪ್ರತಿ ಸಲವೂ ನನ್ನ ತಮ್ಮನ ಮುಖ ನೆನಪಾಗ್ಬೇಕು. ಅದೇ ಶಿಕ್ಷೆ. ಕ್ಷಮಿಸೋ ಶಕ್ತಿ ನನಗೆ ದೇವರು ಇನ್ನೂ ಕೊಟ್ಟಿಲ್ಲ."

"ಆಗಲಿ ಅಕ್ಕಾ," ಎಂದ ಅವನು.

ಪೆಟ್ಟಿಗೆಯ ಚಿತ್ರವನ್ನು ಅವಳು ಗುಂಪಿಗೆ ಹಾಕಲಿಲ್ಲ. ಸಂಜೆಯ ಹೊತ್ತಿಗೆ ಅಲ್ಲಿ ಮೊದಲ ಸಾಲಾಗಿ ಒಂದು ಬರಹ ನಿಂತಿತ್ತು: "ಹೀಟರ್ ಹಚ್ಚಿದಾಗ ತಲೆ ಸುತ್ತಿದರೆ ಕೂಡಲೇ ಆರಿಸಿ, ಹೊರಗೆ ಬನ್ನಿ, ನನಗೆ ಫೋನ್ ಮಾಡಿ. ಇದನ್ನು ನಾನು ಒಬ್ಬ ಹುಡುಗನಿಗೆ ಹೇಳಲಿಲ್ಲ." ಕೆಳಗೆ ದೊಡ್ಡಣ್ಣನ ನಂಬರು. ಆ ಬರಹಕ್ಕೆ ಯಾರೂ ಮುಗಿದ ಕೈ ಹಾಕಿರಲಿಲ್ಲ, ನಗುವ ಮುಖವನ್ನೂ ಹಾಕಿರಲಿಲ್ಲ.

ಅಕ್ಕ ಎದ್ದು ಕೋಣೆಯ ಕಿಟಕಿಗಳನ್ನೆಲ್ಲ ತೆರೆದಳು. ದೇವರ ಮುಂದಿನ ಪರದೆ ಸರಿಸಿ, ಧೂಳು ಕುಳಿತಿದ್ದ ದೀಪವನ್ನು ಸೆರಗಿನಿಂದ ಒರೆಸಿ ಹಚ್ಚಿದಳು. ಗಾಳಿಗೆ ಕುಡಿ ಹೊಯ್ದಾಡಿತು. ಅಂಗೈ ಅಡ್ಡ ಹಿಡಿದಳೇ ಹೊರತು ಕಿಟಕಿ ಮುಚ್ಚಲಿಲ್ಲ.

"ಅವರ ಮೇಲಿನ ಸಿಟ್ಟನ್ನ ನೀನೇ ಇಟ್ಕೋ ಸ್ವಾಮಿ, ನನಗೆ ಹೊರೋಕಾಗ್ತಿಲ್ಲ. ನನ್ನ ಕೂಸು ಉಸಿರಿಗೆ ಗಾಳಿಯಿಲ್ಲದೆ ಬಂದಿದೆ. ನಿನ್ನ ಹತ್ರ ಚೆನ್ನಾಗಿ ಗಾಳಿ ಬರೋ ಕಡೆ ಮಲಗಿಸು. ಚಳಿಯಾದ್ರೆ ಹೊದಿಸು. ಅವನಿಗೆ ಶಾಂತಿ ಕೊಡು."