ಹೆಸರು ತೊಳೆದ ರೆಕಾರ್ಡು

ಭಾರವಿರುತ್ತದೆಂದು ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು ಎತ್ತಿದ ಇಟ್ಟಿಗೆ ಹತ್ತಿಯ ಹಾಗೆ ಮೇಲೆ ಬಂದುಬಿಟ್ಟಾಗ ವರ್ಡೀನ್ ಮುಗ್ಗರಿಸಿದಳು. ತಿರುಗಿಸಿ ನೋಡಿದಳು. ಕೆಂಪು ಬಣ್ಣ, ಅಂಚಿನಲ್ಲಿ ಗಾರೆ ಮೆತ್ತಿದ ಗುರುತು, ಒಂದು ಮೂಲೆಯಲ್ಲಿ ಬೆಂಕಿ ತಾಗಿದಂಥ ಕಪ್ಪು. ಉಗುರಿನಿಂದ ಒತ್ತಿದರೆ ಉಗುರು ಒಳಗೇ ಹೋಯಿತು. ಥರ್ಮಾಕೋಲು.

"ನೋಡೇ ಮಿಲಾಗ್ರೋಸ್, ಇಟ್ಟಿಗೇನೇ ಸುಳ್ಳು. ಇನ್ನು ಇವ್ರ ಬಾಯಲ್ಲಿ ನಿಜ ಬಂದಾತಾ?"

ಕೋಳಿಗೂಡಿನ ಬಾಗಿಲಿಗೆ ತಂತಿ ಸುತ್ತುತ್ತಿದ್ದ ಮಿಲಾಗ್ರೋಸ್ ತಲೆ ಎತ್ತಲಿಲ್ಲ. "ನಿಜವಾದ್ದೇ ತಂದು ಸುರಿದಿದ್ರೆ ಬೈಯೋದು ಬಿಡ್ತಿದ್ಯಾ? ಆಗ ಸೊಂಟ ಹೋಯ್ತು ಅಂತ ಬೈತಿದ್ದೆ."

ಮಿಲಾಗ್ರೋಸ್ ಹೇಳಿದ್ದು ಸುಳ್ಳಲ್ಲ. ಈ ಜಾಗದಲ್ಲಿದ್ದ ಆರಂತಸ್ತಿನ ಮನೆ ಸುಟ್ಟು ಬಿದ್ದ ಮೇಲೆ ಎಷ್ಟೋ ವರ್ಷ ಇಟ್ಟಿಗೆಯ ಗುಡ್ಡೆ ಹಾಗೇ ಬಿದ್ದಿತ್ತು. ಅದನ್ನು ಬಕೆಟ್ಟಿನಲ್ಲಿ ಹೊತ್ತು ಹೊರಗೆ ಹಾಕಿದವರಲ್ಲಿ ಇವರಿಬ್ಬರೂ ಇದ್ದರು. ಪೋರ್ಟೊ ರಿಕೋದಿಂದ ಬಂದ ಮಿಲಾಗ್ರೋಸ್ ಕೋಳಿ ತಂದಳು, ಅವರೆ ಹಬ್ಬಿಸಿದಳು. ದಕ್ಷಿಣ ಕ್ಯಾರೊಲಿನಾದ ಕಡಲೆಕಾಯಿ ಹೊಲಗಳ ನಡುವೆ ಹುಟ್ಟಿ, ಹನ್ನೊಂದನೇ ವಯಸ್ಸಿಗೆ ತಾಯಿಯ ಕೈ ಹಿಡಿದು ಬ್ರಾಂಕ್ಸಿಗೆ ಬಂದಿದ್ದ ವರ್ಡೀನ್ ಬೆಂಡೆ ಹಾಕಿದಳು, ಕಾಲರ್ಡ್ ಸೊಪ್ಪು ಹಾಕಿದಳು. ಮಣ್ಣು ಕಪ್ಪಗಾಗಲು, ಎರೆಹುಳು ಬರಲು ವರ್ಷಗಳೇ ಹಿಡಿದವು. ಈಗ ಅದೇ ಜಾಗದ ಬಯಲು ಭಾಗಕ್ಕೆ ಲಾರಿಯಲ್ಲಿ ಇಟ್ಟಿಗೆ ವಾಪಸು ಬರುತ್ತಿತ್ತು. ಹಿಪ್-ಹಾಪ್ ಸಂಗೀತ ಹುಟ್ಟಿದ್ದು ಹೇಗೆಂದು ತೋರಿಸುವ ಹಾಡಿನ ಧಾರಾವಾಹಿಯ ಚಿತ್ರೀಕರಣಕ್ಕಂತೆ. ತೋಟದ ಸಭೆಯಲ್ಲಿ ಎಲ್ಲರೂ ಒಪ್ಪಿ ಕೈ ಎತ್ತಿದರು, ವರ್ಡೀನಳೊಬ್ಬಳನ್ನು ಬಿಟ್ಟು. ಅದಕ್ಕೇ ಬೆಳಗಿನಿಂದ ಅವಳು ಸೊಪ್ಪಿನ ಮಡಿಯ ಪಕ್ಕದ ಬೆಂಚಿನಲ್ಲಿ ಗುದ್ದಲಿ ಹಿಡಿದು ಕೂತಿದ್ದಳು. ಯಾರ ಬೂಟು ಯಾವ ಗಿಡದ ಮೇಲೆ ಬೀಳುತ್ತದೆಂದು ನೋಡುವುದಕ್ಕೆ.

ಬೂಟು ಒಂದು ನೆಪ. ಅವಳ ಕಣ್ಣಿದ್ದದ್ದು ಥರ್ಮನ್‌ನ ಮೇಲೆ.

ಆಚೆ ಬಿಳಿ ಡೇರೆಯ ನೆರಳಲ್ಲಿ, ಬೆನ್ನಿಗೆ ತನ್ನ ಹೆಸರು ಬರೆದ ಕುರ್ಚಿಯಲ್ಲಿ ಥರ್ಮನ್ ಬೊಯ್ಕಿನ್ ಕೂತಿದ್ದ. ಗಡ್ಡ ನರೆತಿತ್ತು, ಹೊಟ್ಟೆ ಬಂದಿತ್ತು. ಹಳೇ ಕಾಲ ಕಂಡವನು ಎಂದು ಅವನನ್ನು ಧಾರಾವಾಹಿಯವರು ಸಲಹೆಗೆ ಇಟ್ಟುಕೊಂಡಿದ್ದರು. ಹುಡುಗರು ಬಂದು ಬಂದು ಕೇಳುತ್ತಿದ್ದರು: ಟೋಪಿ ಹೀಗೆ ಇಡುತ್ತಿದ್ದರಾ, ವೈರು ಹೀಗೆ ಎಳೆಯುತ್ತಿದ್ದರಾ? ಅವನು ಹೂಂ ಎನ್ನುತ್ತಿದ್ದ, ಉಹೂಂ ಎನ್ನುತ್ತಿದ್ದ. ವರ್ಡೀನಳಿಗೆ ಇಲ್ಲಿಂದಲೇ ಹೊಟ್ಟೆ ಉರಿಯುತ್ತಿತ್ತು. ಬೀದಿದೀಪದ ಕಂಬದ ಬುಡ ಬಿಚ್ಚಿ ಕರೆಂಟು ಎಳೆದವನು ಅವಳ ತಮ್ಮ ಅಲಾಂಜೊ. ಇದೇ ಇಟ್ಟಿಗೆಯ ರಾಶಿಯ ನಡುವೆ ಎರಡು ರೆಕಾರ್ಡ್ ಪ್ಲೇಯರು ಜೋಡಿಸಿ ಬೀದಿಗೆ ಬೀದಿಯನ್ನೇ ಕುಣಿಸಿದವನು ಅಲಾಂಜೊ. ಥರ್ಮನ್ ಅವನ ಹಿಂದೆ ರೆಕಾರ್ಡಿನ ಕ್ರೇಟು ಹೊರುತ್ತಿದ್ದ, ಅಷ್ಟೇ.

ಇಲ್ಲ, ಅಷ್ಟೇ ಅಲ್ಲ. ಅದೇ ಅವಳನ್ನು ಕೊರೆಯುತ್ತಿದ್ದದ್ದು.

ಆ ಕಾಲದಲ್ಲಿ ಹಾಡನ್ನು ಯಾರೂ ಪೂರ್ತಿ ಹಾಕುತ್ತಿರಲಿಲ್ಲ. ಹಾಡುಗಾರ ಸುಮ್ಮನಾಗಿ ಬರೀ ಡ್ರಮ್ಮು ಉಳಿಯುವ ಚೂರೊಂದಿರುತ್ತದಲ್ಲ, ಅದನ್ನೇ ಹಿಂದಕ್ಕೆ ತಿರುಗಿಸಿ ತಿರುಗಿಸಿ ಹಾಕಿ, ಮುಗಿಯದ ಹಾಗೆ ಮಾಡುತ್ತಿದ್ದರು. ಯಾರ ಹತ್ತಿರ ಒಳ್ಳೆಯ ಚೂರಿದೆಯೋ ಅವನೇ ದೊರೆ. ಹಾಗಾಗಿ ಪಕ್ಕದ ಬೀದಿಯ ಹುಡುಗರು ಕುಣಿಯುವ ನೆಪದಲ್ಲಿ ಹಿಂದೆ ಬಂದು ನಿಂತು, ತಿರುಗುವ ರೆಕಾರ್ಡಿನ ನಡುವಿನ ಕಾಗದದಲ್ಲಿ ಏನು ಬರೆದಿದೆಯೆಂದು ಕತ್ತು ಚಾಚುತ್ತಿದ್ದರು. ಹೆಸರು ಸಿಕ್ಕಿದರೆ ಮರುದಿನವೇ ಅಂಗಡಿಗೆ ಓಟ. ಅದಕ್ಕೇ ಅಲಾಂಜೊ ರೆಕಾರ್ಡುಗಳನ್ನು ಬಿಸಿನೀರಲ್ಲಿ ನೆನೆಹಾಕಿ ಹೆಸರಿನ ಕಾಗದವನ್ನೇ ಕಿತ್ತುಬಿಡುತ್ತಿದ್ದ. ಗುರುತಿಗೆ ಅಕ್ಕನ ಉಗುರುಬಣ್ಣದ ಚುಕ್ಕೆ. "ನನ್ನ ಬಚ್ಚಲೇನು ಸೂಪಿನ ಪಾತ್ರೇನಾ?" ಎಂದು ಅಮ್ಮ ಕೂಗಾಡುತ್ತಿದ್ದಳು. ಅಂಗಿಯ ತೋಳು ಮಡಚಿ, ತೊಟ್ಟಿಯ ಅಂಚಿಗೆ ಕೂತು ಕಾಗದ ಕೀಳುತ್ತಿದ್ದವನು ಥರ್ಮನ್. ಹೆಸರು ಓದದೆ ಕಾಗದ ಕೀಳಲಿಕ್ಕಾಗುತ್ತದೆಯೇ?

ಎರಡು ಚುಕ್ಕೆಯ ರೆಕಾರ್ಡೊಂದಿತ್ತು. ಅದನ್ನು ಹಾಕಿದರೆ ಮುದುಕರೂ ಕಿಟಕಿಗೆ ಬರುತ್ತಿದ್ದರು. ಅದು ಯಾವುದೆಂದು ಬ್ರಾಂಕ್ಸಿನ ಯಾವ ಹುಡುಗನೂ ಕಂಡುಹಿಡಿಯಲಿಲ್ಲ. ಹೇಗೆ ಹಿಡಿದಾರು? ಅದು ಅಂಗಡಿಗೆ ಬಂದದ್ದೇ ಅಲ್ಲ. ದಕ್ಷಿಣ ಕ್ಯಾರೊಲಿನಾದ ಅವರ ಊರಿನ ಶಾಲೆಯ ಬ್ಯಾಂಡಿನವರು ಸಮವಸ್ತ್ರಕ್ಕೆ ದುಡ್ಡು ಕೂಡಿಸಲು ಮಾಡಿಸಿದ ರೆಕಾರ್ಡು. ಅಜ್ಜಿಯನ್ನು ನೋಡಲು ಹೋದಾಗ ಬಟ್ಟೆಯ ನಡುವೆ ಇಟ್ಟು ತಂದವಳು ವರ್ಡೀನಳೇ. ಡ್ರಮ್ಮು ಬಡಿದವನು ಚಿಕ್ಕಪ್ಪನ ಮಗ ಆಸ್ಬರಿ. ನಡುವೆ ಒಂದು ಕಡೆ ಅವನ ಕೋಲು ಜಾರಿ, ಏಟು ಎಡವಿ, ಹೇಗೋ ಸುಧಾರಿಸಿಕೊಂಡು ಮತ್ತೆ ಸಾಲಿಗೆ ಸೇರುತ್ತದೆ. ಊರಲ್ಲಿ ಅದಕ್ಕೆ ಅವನನ್ನು ವರ್ಷವಿಡೀ ಆಡಿಕೊಂಡಿದ್ದರು. ಅಲಾಂಜೊನಿಗೆ ಬೇಕಾಗಿದ್ದದ್ದು ಆ ಎಡವಿದ ಏಟೇ. "ಯಾರಿಗೂ ಹೇಳ್ಬೇಡ ಅಕ್ಕ. ಸತ್ರೂ ಹೇಳ್ಬೇಡ," ಅಂದಿದ್ದ. ಎರಡು ವರ್ಷದ ಮೇಲೆ, ಹತ್ತೊಂಬತ್ತು ತುಂಬುವ ಮೊದಲೇ, ಉಬ್ಬಸ ಕೆರಳಿ ಅವನೇ ಸತ್ತ.

ಮಣ್ಣು ಮಾಡಿ ಬಂದ ದಿನ, ಮನೆ ತುಂಬ ಜನ ಊಟಕ್ಕೆ ಕೂತಿದ್ದಾಗ, ಥರ್ಮನ್ ಅಡುಗೆಮನೆಯ ಬಾಗಿಲಲ್ಲಿ ನಿಂತು "ಕ್ರೇಟು ನಾನು ಇಟ್ಕೊಳ್ಲಾ?" ಎಂದು ಕೇಳಿದ. ಅಮ್ಮ ಸೌಟು ಹಿಡಿದೇ ಅಟ್ಟಿದಳು. ಕ್ರೇಟು ಇಂದಿಗೂ ವರ್ಡೀನಳ ಮಂಚದ ಕೆಳಗಿದೆ. ಆವತ್ತಿನ ಆ ಮಾತು ಇಂದಿಗೂ ಅವಳ ಎದೆಯಲ್ಲಿದೆ.

ಮಧ್ಯಾಹ್ನದ ಹೊತ್ತಿಗೆ ಧಾರಾವಾಹಿಯ ಸಾಮಾನು ಜೋಡಿಸುವ ಹುಡುಗಿ ಹಾಲಿಸ್ ಕಾಫಿ ಹಿಡಿದು ಬಂದಳು. ಅವಳು ಬರುತ್ತಿರುವುದು ಇದು ಮೂರನೇ ಸಲ.

"ಮೇಡಂ, ಯೋಚನೆ ಮಾಡಿದ್ರಾ? ಒಂದು ದಿನದ ಮಟ್ಟಿಗೆ ಕ್ರೇಟು ಕೊಡಿ ಸಾಕು. ನಿಮ್ಮ ತಮ್ಮನವರ ಕೈ ಮುಟ್ಟಿದ ರೆಕಾರ್ಡುಗಳು. ಪರದೆ ಮೇಲೆ ಬಂದರೆ ಎಷ್ಟು ಚೆನ್ನಾಗಿರುತ್ತೆ."

"ಪರದೆ ಮೇಲೆ ಅವ್ನ ಹೆಸರು ಬರ್ತದಾ?"

ಹಾಲಿಸ್ ಕಾಫಿಯ ಮುಚ್ಚಳ ತಿರುವಿದಳು. "ಅದು... ಹಲವರನ್ನು ಸೇರಿಸಿ ಮಾಡಿರೋ ಪಾತ್ರ ಮೇಡಂ."

"ಹಂಗಾದ್ರೆ ಹಲವರ ಮನೇಲಿ ಕೇಳಮ್ಮ. ಒಬ್ಬೊಬ್ರೂ ಒಂದೊಂದು ಕೊಡ್ಲಿ."

ಕೋಳಿಗೂಡಿನ ಕಡೆಯಿಂದ ಮಿಲಾಗ್ರೋಸ್ ಕಿಸಕ್ಕನೆ ನಕ್ಕಳು. ಹಾಲಿಸಳೂ ನಗಲು ನೋಡಿದಳು. "ಪರವಾಗಿಲ್ಲ ಬಿಡಿ. ನಮಗೆ ಮುಖ್ಯವಾಗಿ ಬೇಕಾಗಿದ್ದದ್ದು ಆ ಒಂದು ರೆಕಾರ್ಡು. ಅದು ಯಾವುದು ಅಂತ ಥರ್ಮನ್ ಸರ್ ಹೇಳಿದ್ದಾರೆ. ಇವತ್ತು ಸಂಜೆ ಅದೇ ಹಾಕ್ತೀವಿ."

ವರ್ಡೀನಳ ಕೈಯಲ್ಲಿದ್ದ ಗುದ್ದಲಿ ನೆಲಕ್ಕೆ ಒತ್ತಿತು. "ಯಾವ್ದಂತೆ?"

"ಸದ್ಯಕ್ಕೆ ಹೇಳೋ ಹಾಗಿಲ್ಲ ಮೇಡಂ. ಹಾಡಿನ ಹಕ್ಕು ಕೊಳ್ಳೋ ಮಾತುಕತೆ ಇನ್ನೂ ಮುಗಿದಿಲ್ಲ. ಹೆಸರು ಹೊರಗೆ ಹೋದರೆ ಬೇರೆಯವರು ನುಗ್ತಾರೆ."

ಹುಡುಗಿ ಹೋದ ಮೇಲೆ ವರ್ಡೀನ್ ಕಾಫಿಯನ್ನು ಹಾಗೇ ಗೊಬ್ಬರದ ಗುಂಡಿಗೆ ಸುರಿದಳು. ಹೇಳಿಬಿಟ್ಟ. ಕುರ್ಚಿಯ ಬೆನ್ನಿಗೆ ಹೆಸರು ಬರೆಸಿಕೊಳ್ಳಲು ಹೇಳಿಬಿಟ್ಟ. ಇವರು ಊರಿನ ಶಾಲೆ ಹುಡುಕಿಕೊಂಡು ಹೋಗುತ್ತಾರೆ. ಆಸ್ಬರಿಯ ಎಡವಿದ ಏಟನ್ನು ಡಬ್ಬಕ್ಕೆ ತುಂಬಿ ದೇಶಕ್ಕೆಲ್ಲ ಹಂಚುತ್ತಾರೆ. ನಾಳೆ ಅದು ಸೋಪಿನ ಜಾಹೀರಾತಿಗೂ ಬರುತ್ತದೆ. ಅಲಾಂಜೊ ಈ ಲೋಕದಲ್ಲಿ ಬಿಟ್ಟುಹೋದದ್ದು ಅದೊಂದೇ. ಅವನ ಫೋಟೋ ಕೂಡ ಸರಿಯಾದದ್ದು ಒಂದಿಲ್ಲ.

ಅಷ್ಟರಲ್ಲಿ ಥರ್ಮನ್ ತಾನೇ ಇತ್ತ ಬಂದ, ಮೊಳಕಾಲು ನೋಯುವವರು ನಡೆಯುವ ಹಾಗೆ ಅತ್ತಿತ್ತ ವಾಲುತ್ತ. ಅವನು ಬೆಂಚಿನ ಹತ್ತಿರ ಬರುವುದರೊಳಗೆ ವರ್ಡೀನ್ ಬೆಂಡೆಯ ಬುಟ್ಟಿಯನ್ನು ಎತ್ತಿ ತನ್ನ ಪಕ್ಕದ ಖಾಲಿ ಜಾಗದಲ್ಲಿ ಇಟ್ಟಳು.

"ಬೆಂಡೆ ಚೆನ್ನಾಗಿ ಬಂದದೆ, ಅಕ್ಕ."

"ಬೆಂಡೆ ನೋಡೋಕ್ ಬಂದ್ಯೇನ್ಲಾ?"

ಥರ್ಮನ್ ಬುಟ್ಟಿ ನೋಡಿದ. ಕೂರಲಿಲ್ಲ. "ಕ್ರೇಟು ಕೊಡ್ಲಿಲ್ವಂತೆ. ಹಾಲಿಸ್ ಹೇಳಿದ್ಲು."

"ಆವತ್ತು ಎಂಜಲು ಕೈ ಒಣಗೋ ಮುಂಚೆ ಕೇಳ್ದೋನು ನೀನು. ಈಗ ಹುಡುಗೀರನ್ನ ಕಳಿಸ್ತಿದ್ದೀಯ."

"ಆವತ್ತು ಮನೇಲಿ ಯಾರ್ಯಾರು ಬಂದಿದ್ರು ನೋಡಿದ್ಯಾ? ನಾಲ್ಕು ಬೀದಿ ಹುಡುಗ್ರೂ ಅಲ್ಲೇ ಇದ್ರು. ಅಳೋಕೆ ಬಂದಿದ್ರಾ ಎಲ್ರೂ? ಅದಕ್ಕೇ ನಾನು ತಗೊಂಡು ಅಡಗಿಸಿಡಾಣ ಅಂತ..."

"ಈ ಮಾತು ಹೊಸೆಯೋಕೆ ಇಷ್ಟು ವರ್ಷ ಬೇಕಾಯ್ತಾ?" ವರ್ಡೀನ್ ಎದ್ದು ನಿಂತಳು. "ಹೇಳು. ಅವ್ರಿಗೆ ಹೇಳ್ಬಿಟ್ಯಾ?"

ಥರ್ಮನ್ ಬೆರಳಿನಿಂದ ಅಂಗಿಯ ಕಾಲರು ತೋರಿಸಿದ. ಅಲ್ಲಿ ಕಡಲೆಕಾಳಿನಷ್ಟು ದಪ್ಪದ ಮೈಕು ಸಿಕ್ಕಿಸಿದ್ದರು. "ಇವತ್ತು ನಾನು ಆಡಿದ್ದೆಲ್ಲ ಅಲ್ಲಿ ಕೂತು ಕೇಳ್ತವ್ರೆ ಅಕ್ಕ. ಧಾರಾವಾಹಿ ಹೆಂಗ್ ಮಾಡಿದ್ರು ಅಂತ ಬೇರೆ ಒಂದು ಚಿತ್ರ ತೋರಿಸ್ತಾರಂತೆ."

"ಓಹೋ, ಒಡವೆ ಬೇರೆ ಹಾಕವ್ರೆ. ಚೆನ್ನಾಗ್ ಕಾಣ್ತದೆ, ಹಾಕ್ಕೋ."

"ಅವ್ರು ಕೇಳಿದ್ರು, ನಾನು ಹೇಳ್ದೆ," ಎಂದ ಥರ್ಮನ್, ಸ್ವಲ್ಪ ಗಟ್ಟಿಯಾಗಿಯೇ. ಆಮೇಲೆ ಧ್ವನಿ ಇಳಿಸಿ, "ಸಂಜೆ ಇರು. ಕೇಳು," ಅಂದು ವಾಲುತ್ತ ಹೊರಟುಹೋದ.

ಇರು ಎಂದು ಹೇಳಬೇಕಾಗಿರಲಿಲ್ಲ.

ಬಿಸಿಲು ಕೆಂಪಾಗಿ, ಮೇಲಿನ ಹಳಿಯ ರೈಲು ಹೋದ ಮೇಲೆ ಯಾರೋ ಸದ್ದು ಮಾಡಬೇಡಿ ಎಂದು ಕೂಗಿದರು. ಸುಳ್ಳು ಇಟ್ಟಿಗೆಗಳ ನಡುವೆ ಕಟ್ಟಿದ ಬಲ್ಬುಗಳು ಹೊತ್ತಿಕೊಂಡವು. ಅಗಲ ಕಾಲರಿನ ಅಂಗಿ, ಬಿಗಿ ಪ್ಯಾಂಟು ತೊಟ್ಟ ಹುಡುಗ ಹುಡುಗಿಯರು ಬಯಲು ತುಂಬಿದರು. ದೂರದಿಂದ ನೋಡಿದರೆ ಅದೇ ಬೇಸಿಗೆ. ವರ್ಡೀನಳಿಗೆ ಸಿಟ್ಟು ಬಂದದ್ದು ಅದಕ್ಕೇ. ಪ್ಲೇಯರಿನ ಹಿಂದೆ ನಿಂತ ನಟ ಅಲಾಂಜೊನಿಗಿಂತ ಚೆಲುವ. ಉಬ್ಬಸದವರು ಭುಜ ಸ್ವಲ್ಪ ಮೇಲೆತ್ತಿ ನಿಲ್ಲುತ್ತಾರೆ. ಇವನ ಭುಜಗಳು ಸಲೀಸಾಗಿ ಇಳಿದಿದ್ದವು.

ಅವನು ಹೆಸರಿಲ್ಲದ ಕಪ್ಪು ರೆಕಾರ್ಡೊಂದನ್ನು ಎತ್ತಿ ಪ್ಲೇಯರಿನ ಮೇಲಿಟ್ಟ. ವರ್ಡೀನ್ ಕಣ್ಣು ಮುಚ್ಚಿದಳು. ಮೊದಲು ಡ್ರಮ್ಮಿನ ಅಂಚಿಗೆ ಒಣ ಏಟು ಎರಡು ಬರಬೇಕು. ಆಮೇಲೆ ಬಿಡುವು. ಗೋಡೆಯಾಚೆ ತಮ್ಮನ ಕೋಣೆಯಿಂದ ಹಗಲೂ ರಾತ್ರಿ ಅವಳು ಕೇಳಿದ್ದು. ಅವಳು ಹೊಡೆತ ತಿನ್ನುವವಳಂತೆ ಹಲ್ಲು ಕಚ್ಚಿ ಕಾದಳು.

ಬಂದದ್ದು ತುತ್ತೂರಿ. ಹಿಂದೆಯೇ ದಪ್ಪ ತಂತಿಯ ಗಿಟಾರು, ಗುಂಯ್ ಎಂದು. ಡ್ರಮ್ಮು ಚೊಕ್ಕವಾಗಿತ್ತು, ಇಸ್ತ್ರಿ ಮಾಡಿದ ಹಾಗೆ. ಹುಡುಗರು ಕೂಗಿದರು, ನೆಲಕ್ಕೆ ಬಿದ್ದು ತಿರುಗಿದರು.

ಅವಳು ಕಣ್ಣು ತೆರೆದಳು. ಇದಲ್ಲ. ಇದಕ್ಕೂ ಅಲಾಂಜೊನಿಗೂ ಸಂಬಂಧವೇ ಇಲ್ಲ.

ದೃಶ್ಯ ನಿಂತಿತು. ನಿರ್ದೇಶಕ ಡೇರೆಯತ್ತ ತಿರುಗಿ, "ಹೇಗಿತ್ತು ಥರ್ಮನ್? ಇದೇ ತಾನೆ?" ಎಂದು ಕೂಗಿದ.

"ಇದೇ," ಎಂದ ಥರ್ಮನ್, ಎಲ್ಲರಿಗೂ ಕೇಳುವಂತೆ. "ಅಚ್ಚು ಇದೇ. ಕೂದಲು ನಿಮಿರ್ತು ನಂಗೆ."

ಜನ ಚಪ್ಪಾಳೆ ತಟ್ಟಿದರು. ವರ್ಡೀನ್ ಗುದ್ದಲಿ ಊರಿ ನಿಂತೇ ಇದ್ದಳು. ಇವನಿಗೆ ಗೊತ್ತೇ ಇರಲಿಲ್ಲವೋ? ಮರೆತನೋ? ಕುರ್ಚಿ ಉಳಿಸಿಕೊಳ್ಳಲು ಬಾಯಿಗೆ ಬಂದದ್ದು ಹೇಳಿದನೋ? ಯಾವುದಾದರೂ ಇರಬಹುದು. ಮೂವತ್ತೆಂಟು ವರ್ಷ ನಂಬದೆ ಇದ್ದವನನ್ನು ಒಂದು ತಪ್ಪು ರೆಕಾರ್ಡಿಗೆ ನಂಬುವುದು ಹೇಗೆ?

ಅವರು ಮತ್ತೆ ಅದೇ ದೃಶ್ಯಕ್ಕೆ ದೀಪ ಸರಿಮಾಡುತ್ತಿದ್ದಾಗ ಥರ್ಮನ್ ಎದ್ದು ಬಂದ. ಬೆಂಚಿನ ಮೇಲೆ ಬುಟ್ಟಿ ಇನ್ನೂ ಅಲ್ಲೇ ಇತ್ತು. ಅದನ್ನು ಸರಿಸು ಎಂದು ಅವನು ಕೇಳಲಿಲ್ಲ. ಡೇರೆಗೆ ಬೆನ್ನು ಮಾಡಿ ಸೊಪ್ಪಿನ ಮಡಿಯ ಅಂಚಿನ ಹಲಗೆಗೆ ಒರಗಿ ನಿಂತ. ಮೈಕು ಅವನ ಕಾಲರಿನಲ್ಲಿ ಕೂತಿತ್ತು. ಕೋಳಿಯೊಂದು ಗೂಡಿನೊಳಗೆ ಗೊಣಗಿತು.

ಅವನ ಬಲಗೈ ಹಲಗೆಯ ಮೇಲಿತ್ತು. ಗಂಟುಗಟ್ಟಿದ ಬೆರಳುಗಳು. ತೋರುಬೆರಳು ಮೇಲೆದ್ದು ಇಳಿಯಿತು. ಇನ್ನೊಂದು ಸಲ ಇಳಿಯಿತು. ಬಿಡುವು. ಆಮೇಲೆ ಮೂರು, ಒಂದರ ಕಾಲು ಒಂದು ತುಳಿಯುವ ಹಾಗೆ. ಮತ್ತೆ ಎರಡು. ಸದ್ದು ಮೈಕಿಗೆ ಮುಟ್ಟದಷ್ಟು ಮೆಲ್ಲಗೆ. ವರ್ಡೀನ್ ಉಸಿರು ಹಿಡಿದು ಮುಂದಿನದಕ್ಕೆ ಕಾದಳು. ಬೆರಳು ಜಾರಿತು, ಹಲಗೆಯನ್ನು ಅರ್ಧ ತಾಗಿ ಎಡವಿತು, ಹೇಗೋ ಸುಧಾರಿಸಿಕೊಂಡು ಮತ್ತೆ ಸಾಲಿಗೆ ಸೇರಿತು.

ಥರ್ಮನ್ ಅವಳತ್ತ ನೋಡುತ್ತಿರಲಿಲ್ಲ. ಕಾಲರ್ಡಿನ ಎಲೆಗಳನ್ನೇ ನೋಡುತ್ತಿದ್ದ.

ಆಚೆ ಯಾರೋ ಮತ್ತೆ ಸದ್ದು ಮಾಡಬೇಡಿ ಎಂದು ಕೂಗಿದರು. ವರ್ಡೀನ್ ಬಗ್ಗಿ ಬೆಂಡೆಯ ಬುಟ್ಟಿಯನ್ನು ಬೆಂಚಿನಿಂದ ಎತ್ತಿ ನೆಲಕ್ಕಿಟ್ಟಳು. ಹಲಗೆಯ ಮೇಲಿನ ಒಣಮಣ್ಣಿನ ಹರಳುಗಳು ಒಂದೊಂದು ಏಟಿಗೂ ಒಂದಿಷ್ಟೇ ಮೇಲೆದ್ದು, ಮತ್ತೆ ಕೂರುತ್ತಿದ್ದವು.