ಎಲ್ಲಕ್ಕೂ ಒಂದೇ ಕಾರಣ

ಶ್ರಾವಣದ ಜಿಟಿಜಿಟಿ ಮಳೆ ಹಿಡಿದ ವಾರ, ಬಾವಿಯಿಂದ ನೀರು ಸೇದುವಾಗಲೆಲ್ಲ ನನ್ನ ಗಂಡನ ಎಡಗೈ ಜೋಮು ಹಿಡಿಯತೊಡಗಿತು. ಅವರು ಮಾಳಿಂಗಪ್ಪ ಮಾಸ್ತರು, ಶಾಲೆಯಿಂದ ನಿವೃತ್ತರಾದರೂ ಮೊಂಡುತನದಿಂದ ನಿವೃತ್ತರಾಗದವರು. ಕೊಡ ಕೆಳಗಿಟ್ಟು ಕೈ ಝಾಡಿಸುತ್ತಿದ್ದರು, ತುಸು ಹೊತ್ತು ಕಟ್ಟೆಯ ಮೇಲೆ ಕೂತು ಮತ್ತೆ ಹಗ್ಗ ಹಿಡಿಯುತ್ತಿದ್ದರು. ಬಿಜಾಪುರದ ಡಾಕ್ಟರಿಗೆ ತೋರಿಸೋಣವೆಂದು ನಾನು ಗಂಟು ಬಿದ್ದರೆ, ಮುದಿ ಎತ್ತು ಕುಂಟುವುದಕ್ಕೂ ಡಾಕ್ಟರು ಬೇಕೇ ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅವರ ಅಪ್ಪ ಹೊಲದಲ್ಲಿ ಹೀಗೆಯೇ ಕೂತವರು ಮತ್ತೆ ಏಳಲಿಲ್ಲ.

ಅದೇ ವಾರ, ನಾಲ್ಕಾರು ಮನೆಗಳಿಗೆ ಒಂದೇ ಅಂಗಳವಿದ್ದ ನಮ್ಮ ವಾಡೆಯಲ್ಲಿ ಇನ್ನೂ ಮೂರು ವಿಚಿತ್ರಗಳು ನಡೆದವು. ಪಕ್ಕದ ಮನೆಯ ಸಾತವ್ವನ ಆಡು ತಗಡಿನ ಚಪ್ಪರಕ್ಕೆ ಮೈ ಉಜ್ಜುತ್ತಿದ್ದಂತೆ ಬಿದ್ದು ಸತ್ತಿತು. ಹಾವು ಕಡಿದಿದೆ ಎಂದಳು. ಅವಳ ಬಚ್ಚಲ ಗೋಡೆ ಒದ್ದೆ ಕೈಗೆ ಚುಚ್ಚುತ್ತಿತ್ತು. ಯಾರೋ ಮಾಟ ಮಾಡಿಸಿದ್ದಾರೆಂದು ಲಿಂಬೆಹಣ್ಣು ಕಟ್ಟಿದಳು. ಎದುರುಮನೆಯ ಬಾಬುಲಾಲನ ರೇಡಿಯೋ ಹಗಲೆಲ್ಲ ಗರಗರ ಎನ್ನುತ್ತಿತ್ತು. ಅವನು ಮಾರಿದ ಅಂಗಡಿಯವನಿಗೆ ಬೈದ. ನಮ್ಮ ಬಾಗೇವಾಡಿಯಲ್ಲಿ ಮಳೆಗೆ ಬರ ಬರಬಹುದು, ಕಾರಣಗಳಿಗೆ ಬಂದದ್ದಿಲ್ಲ.

ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿ ಸಾಬೀರಾ ಬಾಡಿಗೆಗಿದ್ದಳು. ತಾಳಿಕೋಟೆಯ ಹುಡುಗಿ, ಧಾರವಾಡದಲ್ಲಿ ಫಿಜಿಕ್ಸ್ ಎಂ.ಎಸ್ಸಿ. ಮುಗಿಸಿ ಇಲ್ಲಿ ಕಾಲೇಜಿನಲ್ಲಿ ಕಲಿಸುತ್ತಿದ್ದಳು. ಜಗತ್ತಿನಲ್ಲಿ ನಾಲ್ಕು ಬಲಗಳಿವೆಯಂತೆ, ಅವು ಮೂಲದಲ್ಲಿ ಒಂದೇ ಇರಬೇಕೆಂದು ದೊಡ್ಡ ದೊಡ್ಡ ವಿಜ್ಞಾನಿಗಳು ಹುಡುಕುತ್ತಿದ್ದಾರಂತೆ. ಅದೇ ಹುಚ್ಚು ಇವಳಿಗೂ. ನಾಲ್ಕಿದ್ದರೆ ಇರಲಿ ಬಿಡು, ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ಒಬ್ಬನಾಗಿ ಎಂದು ಹಟ ಹಿಡಿಯುತ್ತೇವೆಯೇ ಎಂದು ನಾನು ಕೆಣಕುತ್ತಿದ್ದೆ. ಉದುರುವ ಹಣ್ಣಿಗೂ ಸುತ್ತುವ ಚಂದ್ರನಿಗೂ ಕಾರಣ ಒಂದೇ ಎಂದು ಹಿಂದೆಯೇ ಗೊತ್ತಾಯಿತು, ಮಿಂಚಿಗೂ ಅಯಸ್ಕಾಂತಕ್ಕೂ ಮೂಲ ಒಂದೇ ಎಂದು ಆಮೇಲೆ ಗೊತ್ತಾಯಿತು ಎಂದು ಅವಳು ಶುರುಮಾಡಿದರೆ ನನ್ನ ಒಗ್ಗರಣೆ ಸೀಯುತ್ತಿತ್ತು. ಅದರಿಂದ ಬಂದ ಭಾಗ್ಯವೇನೆಂದು ಒಮ್ಮೆ ಸಿಟ್ಟಿನಿಂದಲೇ ಕೇಳಿದೆ.

"ಬ್ಯಾರೆಬ್ಯಾರೆ ಕಾರಣ ಇದ್ರ ಆಗಿದ್ದನ್ನಷ್ಟ ಹೇಳಾಕ ಬರ್ತೈತ್ರಿ ಅಕ್ಕಾರ," ಎಂದಳು. "ಒಂದ ಕಾರಣ ಸಿಕ್ರ, ಇನ್ನೂ ಆಗದ್ದೂ ಗೊತ್ತಾಗ್ತೈತಿ. ರೇಡಿಯೋ ಅಲೆ ಇರ್ತಾವಂತ ಯಾರಿಗೂ ಗೊತ್ತಿರಲಿಲ್ಲ. ಮಿಂಚು, ಅಯಸ್ಕಾಂತ ಕೂಡಿಸಿ ಲೆಕ್ಕ ಮಾಡಿದಾಗ ಅವು ಮೊದಲ ಲೆಕ್ಕದ ಹಾಳ್ಯಾಗ ಬಂದ್ವು, ಆಮ್ಯಾಲ ಖರೇನ ಸಿಕ್ವು."

ಆಡು ಸತ್ತ ಮರುದಿನ ಅವಳು ಅಂಗಳದಲ್ಲಿ ನೆನೆಯುತ್ತ ನಿಂತು ಎಲ್ಲರನ್ನೂ ವಿಚಾರಿಸಿದಳು. ಮಾಳಿಗೆ ಹತ್ತಿ ಇಳಿದಳು. ಕಂಬದಿಂದ ಬಂದ ಕರೆಂಟಿನ ವೈರು ಗಾಳಿಗೆ ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಬಿಟ್ಟಿತ್ತು, ಅಲ್ಲಿ ಹಾರುವ ಕಿಡಿಗೇ ರೇಡಿಯೋ ಗರಗರ ಎನ್ನುತ್ತಿತ್ತು. ಆ ತಗಡು ಬಚ್ಚಲ ಗೋಡೆಗೆ ತಾಗಿತ್ತು. ಬಟ್ಟೆ ಒಣಹಾಕುವ ತಂತಿಯ ಒಂದು ತುದಿ ತಗಡಿಗೆ, ಇನ್ನೊಂದು ತುದಿ ಬಾವಿಯ ಹಗ್ಗ ಓಡುವ ಗಡಗಡಿ ಹೊತ್ತ ಕಟ್ಟಿಗೆಗೆ. ಒದ್ದೆ ಕಟ್ಟಿಗೆ, ಒದ್ದೆ ಹಗ್ಗ. ಆಡು, ಗೋಡೆ, ರೇಡಿಯೋ, ಮಾಸ್ತರ ಕೈ, ನಾಲ್ಕಕ್ಕೂ ಒಂದೇ ಕಾರಣ ಎಂದಳು. ನನಗೆ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು. ಬರಿ ಕರೆಂಟು! ಅವರ ಅಪ್ಪನ ರೋಗವಲ್ಲ! ನನಗೆ ಬೇಕಾಗಿದ್ದ ಕಾರಣವೇ ಸಿಕ್ಕಿತ್ತು.

ಹೇಳುತ್ತಿದ್ದ ಸಾಬೀರಾ ಥಟ್ಟನೆ ತಂತಿಯ ಕಡೆ ತಿರುಗಿದಳು. ಮಳೆ ಆಗಷ್ಟೇ ಬಿಟ್ಟಿತ್ತು. ವಾರವೆಲ್ಲ ಬಟ್ಟೆ ಒಳಗೇ ಒಣಗಿಸಿ ಬೇಸತ್ತ ಸಾತವ್ವ ಹಿಂಡಿದ ಸೀರೆ ಹೆಗಲ ಮೇಲೆ ಹಾಕಿಕೊಂಡು ಬರಿಗಾಲಲ್ಲಿ ತಂತಿಯ ಕಡೆಗೆ ನಡೆದಿದ್ದಳು. ಸಾಬೀರಾ ಕೂಗಿದಳು. ಯಾರ ಮಾತು ಕೇಳಿ ಗೊತ್ತು ಸಾತವ್ವನಿಗೆ? ಕೈ ಎತ್ತಿದಳು. ಸಾಬೀರಾ ಓಡಿಹೋಗಿ ಅವಳ ಸೆರಗು ಹಿಡಿದು ಎಳೆದಳು, ಇಬ್ಬರೂ ಕೆಸರಿನಲ್ಲಿ ಬಿದ್ದರು. ಸಾತವ್ವನ ಬೈಗುಳ ನಿಂತದ್ದು ಲೈನ್‌ಮನ್ ಗೈಬುಸಾಬ ಬಂದು ತಂತಿಗೆ ಬಲ್ಬು ಹಿಡಿದಾಗ. ಬಲ್ಬು ನಿಗಿನಿಗಿ ಉರಿಯಿತು. ಅವನು ವೈರು ಕತ್ತರಿಸಿ, ಹೊಸದು ಎಳೆದು, ಬಟ್ಟೆಯ ತಂತಿಯನ್ನೂ ಕಿತ್ತೊಗೆದು ಹೋದ.

ಮರುದಿನ ಬೆಳಿಗ್ಗೆ ಗೋಡೆ ಚುಚ್ಚಲಿಲ್ಲ, ರೇಡಿಯೋ ಸ್ವಚ್ಛ ಹಾಡಿತು. ಸಾಬೀರಾ ಖುಷಿಯಿಂದ ಇಳಿದು ಬಂದಳು, ಈಗ ಸೇದಿ ನೋಡಿರೆಂದು ಮಾಸ್ತರಿಗೆ ತಾನೇ ಹಗ್ಗ ಕೊಟ್ಟಳು. ಮೊದಲ ಕೊಡ ಬಂತು. ಎರಡನೆಯದು ಅರ್ಧ ಬಂದಾಗ ಅವರ ಕೈ ನಿಂತಿತು. ಕೊಡ ಬಾವಿಗೆ ಬಿತ್ತು. ಅವರು ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತರು. ತಣ್ಣನೆಯ ಗಾಳಿಯಲ್ಲೂ ಹಣೆಯ ತುಂಬ ಬೆವರು.

ಕರೆಂಟು ಇನ್ನೂ ಎಲ್ಲೋ ಉಳಿದಿರಬೇಕು ಎಂದೆ. ನನಗೆ ಅದು ಕರೆಂಟೇ ಆಗಿರಬೇಕಿತ್ತು. ಸಾಬೀರಾಳ ಮುಖ ಬಿಳಿಚಿತ್ತು.

"ಎಲ್ಲಾ ನಿಂತಾವ್ರಿ ಅಕ್ಕಾರ. ಇದೊಂದ ನಿಂತಿಲ್ಲ. ಇದು ಅದರಾಗಿಂದಲ್ಲ. ಗಾಡಿ ತರಸ್ರಿ, ಲಗೂನ."

ಬಾಬುಲಾಲ ಜೀಪು ತಂದ. ಬಿಜಾಪುರದ ದಾರಿಯುದ್ದಕ್ಕೂ ಎರೆಮಣ್ಣಿನ ಕೆಸರು. ಜೀಪು ಜಿಗಿದಾಗಲೆಲ್ಲ ನನ್ನ ತೊಡೆಯ ಮೇಲಿದ್ದ ಅವರ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಮುಂದೆ ಕೂತ ಸಾಬೀರಾ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವಳ ಒಂದೇ ಕಾರಣಕ್ಕೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ಹೃದಯ ವಾರದಿಂದ ಸೂಚನೆ ಕೊಡುತ್ತಿತ್ತು, ದಣಿದಾಗ ಕೈಗೆ ಇಳಿಯುವ ನೋವು ಅದು, ಇಂಥವರಿಂದ ನೀರು ಸೇದಿಸಿದವರು ಯಾರು ಎಂದು ಡಾಕ್ಟರು ಗದರಿದರು. "ನಾನ ಸೇದ್ರಿ ಅಂದೆ," ಎಂದಳು ಸಾಬೀರಾ. ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ಸುಳ್ಳೇಕೆ ಹೇಳಲಿ. ಅವಳು ಹೊರಗಿನ ಬಾಕಿನ ಮೇಲೆ ಹೋಗಿ ಕೂತಳು.

ಸಂಜೆಗೆ ಜೀವಕ್ಕೆ ಭಯವಿಲ್ಲ ಎಂದರು. ನನ್ನನ್ನು ಒಳಗೆ ಬಿಟ್ಟಾಗ ಮಾಸ್ತರು ಕಣ್ಣು ತೆರೆದೇ ಮಲಗಿದ್ದರು.

"ಇಂದ್ರಾ, ಆ ಹುಡುಗಿಗಿ ಏನೂ ಅನಬ್ಯಾಡ," ಎಂದರು. "ಎದ್ಯಾಗೂ ನೋವಿತ್ತು. ಆಕಿ ಕೇಳಿದಾಗ ನಾ ಕೈ ಅಷ್ಟ ಅಂದೆ. ಎದಿ ಸುದ್ದಿ ಹೇಳಿದ್ರ ಆಕಿ ಕರೆಂಟ್ ಅಂತಿದ್ದಿಲ್ಲ. ನನಗ ಕರೆಂಟ ಬೇಕಾಗಿತ್ತು."

ನಾನು ಹೊರಗೆ ಬಂದು ಸಾಬೀರಾಳ ಪಕ್ಕ ಕೂತೆ. ಅವರು ಹೇಳಿದ್ದನ್ನು ಹೇಳಿದೆ, ಕರೆಂಟು ನನಗೂ ಬೇಕಾಗಿತ್ತೆಂದು ಸೇರಿಸಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಾನೂ ಅತ್ತೆ.